ಪ್ಲಾನು ರಾಯರ ಹಾಂಗ್‌ಕಾಂಗ್

ದೆಹಲಿಯಲ್ಲಿ ನಾಲ್ಕು ಕನ್ನಡ ಮನೆಗಳಿರುವ ಕಡೆಯೆಲ್ಲ ಒಬ್ಬ ಪ್ಲಾನು ರಾಯರು ಇದ್ದೇ ಇರುತ್ತಾರೆ. ಆರ್.ಕೆ. ಪುರಂನಲ್ಲಿ ಅವರು ಪ್ಲಾನು ಗೌಡರಾಗಿರಬಹುದು, ಮಯೂರ ವಿಹಾರದಲ್ಲಿ ಪ್ಲಾನು ಶೆಟ್ಟರು. ಲಕ್ಷಣ ಮಾತ್ರ ಒಂದೇ. ಯುಗಾದಿಯ ಒಬ್ಬಟ್ಟು ಬಾಯಲ್ಲಿರುವಾಗಲೇ ದೀಪಾವಳಿಯ ಟಿಕೆಟ್ಟಿನ ಮಾತು ತೆಗೆಯುತ್ತಾರೆ. ಕೆ.ಕೆ. ಎಕ್ಸ್‌ಪ್ರೆಸ್ಸಿನ ಕಾಲದಿಂದ ಬಂದ ಪ್ಲಾಸ್ಟಿಕ್ ಫೋಲ್ಡರು ಕಂಕುಳಲ್ಲಿರುತ್ತದೆ. ಸರ್ಕಾರಿ ನೌಕರರ ರಜಾ ಪ್ರವಾಸದ ಎಲ್‌ಟಿಸಿ ನಿಯಮಗಳು ವಿಷ್ಣು ಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ತಾವೊಬ್ಬರೇ ಹೋಗುವುದು ಅವರ ಜಾಯಮಾನದಲ್ಲಿಲ್ಲ. ಅಕ್ಕಪಕ್ಕದವರನ್ನೂ ಎಬ್ಬಿಸಿಕೊಂಡೇ ಹೊರಡಬೇಕು.

ಈ ಜಾತಿಯ ಅತ್ಯುತ್ತಮ ಮಾದರಿ ಜನಕಪುರಿಯ ಸಿ ಬ್ಲಾಕಿನಲ್ಲಿ, ಸರಿಯಾಗಿ ನನ್ನ ತಲೆಯ ಮೇಲಿನ ಡಿಡಿಎ ಫ್ಲ್ಯಾಟಿನಲ್ಲಿ ವಾಸವಾಗಿದೆ. ಯಾವುದೋ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. 2018ರಲ್ಲಿ ಮೆಜೆಂಟಾ ಲೈನ್ ಬಂದ ಮೇಲೆ ಜನಕಪುರಿ ವೆಸ್ಟಿನಲ್ಲಿ ಹತ್ತಿದರೆ ಐದನೆಯ ಸ್ಟೇಷನ್ನೇ ಟರ್ಮಿನಲ್ 1. ಆದರೂ ರಾಯರ ಜೊತೆ ಹೊರಟರೆ ವಿಮಾನಕ್ಕೆ ನಾಲ್ಕು ತಾಸು ಮೊದಲೇ ಅಲ್ಲಿರಬೇಕು. ಬೆಳಿಗ್ಗೆ ಆರಕ್ಕೆ ಫೋನು: "ಏನ್ ಸ್ವಾಮಿ, ಎದ್ರಾ?" ಪ್ರಯಾಣ ಮುಂದಿನ ತಿಂಗಳಿದ್ದರೂ ಇದೇ ಪ್ರಶ್ನೆ.

2019ರ ಕೊನೆಯಲ್ಲಿ ಅವರಿಗೆ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನ ಯೋಗ ಕೂಡಿ ಬಂತು. ಮರುವರ್ಷದ ಮೇ ರಜಕ್ಕೆ ಎರಡೂ ಮನೆಯವರು ಹೋಗುವುದು. "ಅಲ್ಲಿ ಬೀದಿಬೀದಿಯಲ್ಲಿ ಗಲಾಟೆ ನಡೀತಿದೆಯಲ್ಲ ರಾಯರೇ?" ಎಂದೆ. "ಅದಕ್ಕೇ ಸ್ವಾಮಿ ಟಿಕೆಟ್ ಅಗ್ಗ." ನಾನು ದುಡ್ಡು ಕೊಟ್ಟೆ. ರಾಯರೆದುರು ಇಲ್ಲ ಎನ್ನುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ.

2020ರ ಜನವರಿ 26ರಂದು ಕೊರೊನಾದಿಂದಾಗಿ ಡಿಸ್ನಿಲ್ಯಾಂಡು ಬಾಗಿಲು ಹಾಕಿತು. ರಾಯರು ಹಿಗ್ಗಿದರು. "ಜನ ಹೆದರಿಕೊಂಡು ಬರಲ್ಲ. ಮೇ ಹೊತ್ತಿಗೆ ತೆಗೀತಾರೆ, ಕ್ಯೂ ಇಲ್ಲದೆ ನೋಡಬಹುದು." ಫೆಬ್ರುವರಿ ಕೊನೆಗೆ ಟೋಕಿಯೋದ್ದೂ ಮುಚ್ಚಿತು. ಮಾರ್ಚಿನಲ್ಲಿ ಪ್ಯಾರಿಸ್ಸು, ಕ್ಯಾಲಿಫೋರ್ನಿಯಾ, ಫ್ಲೋರಿಡಾ ಎಲ್ಲ ಮುಚ್ಚಿದವು. ಮಾರ್ಚ್ 25ಕ್ಕೆ ನಮ್ಮ ದೇಶದೊಳಗಿನ ವಿಮಾನಗಳೂ ನಿಂತಾಗ ಮೊದಲ ಸಲ ಆರು ಗಂಟೆಯ ಫೋನು ಬರಲಿಲ್ಲ. ಖುಷಿಯಾಗಬೇಕಿತ್ತು. ಎಚ್ಚರವಾಗಿ, ರಾಯರಿಗೆ ಮೈ ಹುಷಾರಿಲ್ಲವೇನೋ ಎಂದು ಮೇಲೆ ಕಿವಿಗೊಟ್ಟು ಮಲಗಿದ್ದೆ.

ಮೇ 25ಕ್ಕೆ ವಿಮಾನಗಳು ಮತ್ತೆ ಹಾರಿದವು. ರಾಯರ ಮಗ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ನೋಡಿಬರಬೇಕೆಂದು ದಂಪತಿ ಟಿಕೆಟ್ ಮಾಡಿಸಿದರು. ಆದರೆ ದೆಹಲಿಯಿಂದ ಬಂದವರಿಗೆ ಕರ್ನಾಟಕದಲ್ಲಿ ಏಳು ದಿನ ಸಾಂಸ್ಥಿಕ ಕ್ವಾರಂಟೈನ್. ಅದೇ ಮೊದಲ ದಿನ ದೆಹಲಿಯಿಂದ ಇಳಿದ ಕೇಂದ್ರ ಸಚಿವ ಸದಾನಂದಗೌಡರು, ಔಷಧ ಇಲಾಖೆ ತಮ್ಮದು, ವಿನಾಯಿತಿ ಇದೆ ಎಂದು ಕಾರು ಹತ್ತಿ ಹೋದದ್ದು ಸುದ್ದಿಯಾಗಿತ್ತು. ರಾಯರು ತಮ್ಮ ಇಲಾಖೆಯಲ್ಲೂ ಅಂಥ ಸುತ್ತೋಲೆ ಇದೆಯೇ ಎಂದು ಎರಡು ದಿನ ಹುಡುಕಿದರು.

ಸಿಗದಿದ್ದಾಗ ಆ ಪ್ರಸಿದ್ಧ ರಿಹರ್ಸಲ್ಲು ನಡೆಯಿತು. ಜೂನ್ ಮೊದಲ ವಾರ, ದೆಹಲಿಯ ಸೆಕೆ. ಮಧ್ಯದ ಸೀಟಿನವರಿಗೆ ಮೈತುಂಬ ಮುಚ್ಚುವ ಗೌನು ಕೊಡಬೇಕೆಂದು ವಿಮಾನಯಾನ ನಿರ್ದೇಶನಾಲಯ ಆಗಷ್ಟೇ ಆದೇಶಿಸಿತ್ತು. ರಾಯರು ಹಾಲಿನಲ್ಲಿ ಊಟದ ಕುರ್ಚಿಗಳನ್ನು ಮೂರು ಮೂರರಂತೆ ಜೋಡಿಸಿ ನಡುವೆ ಓಣಿ ಬಿಟ್ಟರು. ನನ್ನನ್ನು ಕರೆದು ಮಧ್ಯದ ಕುರ್ಚಿಯಲ್ಲಿ ಕೂರಿಸಿ ತಮ್ಮ ಹಳೇ ರೇನ್‌ಕೋಟು ತೊಡಿಸಿದರು. ಮುಖಕ್ಕೆ ಮಾಸ್ಕು, ಅದರ ಮೇಲೆ ಫೇಸ್ ಶೀಲ್ಡು. ಫೋನಿನಲ್ಲಿ ಆರೋಗ್ಯ ಸೇತು ಹಸಿರಾಗಿದೆಯೇ ಎಂದು ಬಾಗಿಲಲ್ಲೇ ನೋಡಿಯಾಗಿತ್ತು. ಫ್ಯಾನು ಆರಿಸಿದರು. "ನಿಜವಾದ ಅನುಭವ ಬರಬೇಕು ಸ್ವಾಮಿ." ಕನ್ನಡಕ, ಶೀಲ್ಡು ಎರಡೂ ಹಬೆಗಟ್ಟಿ ನನಗೆ ರಾಯರೇ ಕಾಣದಾದರು, ಅದೊಂದು ಸುಖ. ಅಡುಗೆಮನೆಯಿಂದ ಫಿಲ್ಟರ್ ಕಾಫಿಯ ಘಮ ಬಂತು. ಕೈ ಚಾಚಿದೆ. ರಾಯರು ತಡೆದರು. "ಫ್ಲೈಟಲ್ಲಿ ತಿಂಡಿ ಕಾಫಿ ಇಲ್ಲ. ನೀರಿನ ಬಾಟ್ಲಿ ಮಾತ್ರ." ಟಾಯ್ಲೆಟ್ಟಿಗೆ ಏಳಲೂ ಬಿಡಲಿಲ್ಲ, ಓಡಾಟ ಕಡಿಮೆ ಮಾಡಬೇಕೆಂದು ನಿಯಮವಿದೆಯಂತೆ. ಬೆಂಗಳೂರು ಇನ್ನೆಷ್ಟು ದೂರ ಎಂದು ಕೇಳಿದೆ. "ಈಗಿನ್ನೂ ಭೋಪಾಲ" ಎಂದರು.

ನಾಗಪುರದ ಹತ್ತಿರ ಅಕ್ಕ, ಅಂದರೆ ಅವರ ಮನೆಯವರು, ಹೊರಗೆ ಬಂದು ಕಾಫಿ ಲೋಟವನ್ನು ನನ್ನ ಕೈಗಿಟ್ಟು ಗಂಡನಿಗೆ ಹೇಳಿದರು: "ಎರಡು ತಿಂಗಳು ಇದೇ ಮನೇಲಿ ನಿಮ್ಮ ಜೊತೆ ಬೀಗ ಹಾಕ್ಕೊಂಡು ಕೂತಿದೀನಿ. ಇನ್ನು ಏಳು ದಿನ ಒಂದೇ ಹೋಟೆಲ್ ರೂಮಲ್ಲಿ ನನ್ನಿಂದಾಗಲ್ಲ ರೀ." ಟಿಕೆಟ್ ರದ್ದಾಯಿತು.

ಜುಲೈನಲ್ಲಿ ಜಪಾನಿನ ಫುಜಿ-ಕ್ಯೂ ಪಾರ್ಕಿನ ವಿಡಿಯೋ ತೋರಿಸಲು ಇಳಿದುಬಂದರು. ಸೂಟು ಬೂಟಿನ ಇಬ್ಬರು ಅಧಿಕಾರಿಗಳು ಮಾಸ್ಕು ಹಾಕಿಕೊಂಡು ರೋಲರ್ ಕೋಸ್ಟರಿನಲ್ಲಿ ಪಿಟಕ್ಕೆನ್ನದೆ ಕುಳಿತಿದ್ದಾರೆ. ಎಂಜಲು ಸಿಡಿಯದಂತೆ ಮನಸ್ಸಿನೊಳಗೇ ಕಿರುಚಿಕೊಳ್ಳಬೇಕೆಂದು ಪಾರ್ಕಿನವರ ಕೋರಿಕೆ. ರಾಯರಿಗೆ ಪರಮಾಶ್ಚರ್ಯ. ನನಗೂ ಅಕ್ಕನಿಗೂ ಏನೂ ಅನ್ನಿಸಲಿಲ್ಲ. ನಾವಿಬ್ಬರೂ ಆ ವಿದ್ಯೆಯಲ್ಲಿ ಪಳಗಿದವರು.

ಹಾಂಗ್‌ಕಾಂಗಿನ ದುಡ್ಡು ಮಾತ್ರ ಒಂದು ವಿಮಾನ ಕಂಪನಿಯ ಹೊಟ್ಟೆಯಲ್ಲಿತ್ತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಹದಿನೈದು ದಿನದಲ್ಲಿ ಹಿಂದಿರುಗಿಸಬೇಕು, ಕಂಪನಿ ಕಷ್ಟದಲ್ಲಿದ್ದರೆ 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್, ಅದಕ್ಕೆ ಬಡ್ಡಿ 2020ರ ಜೂನ್ ಕೊನೆಯವರೆಗೆ ತಿಂಗಳಿಗೆ ಅರ್ಧ, ಆಮೇಲೆ ಮುಕ್ಕಾಲು ಪರ್ಸೆಂಟು. ರಾಯರು ನನ್ನ ಪಾಲಿನ ಬಡ್ಡಿಯನ್ನೂ ಪೈಸೆಪೈಸೆ ಲೆಕ್ಕ ಹಾಕಿಕೊಟ್ಟರು. "ನೋಡಿ, ಅಪ್ಪು ಘರ್ ಜಾಗ ತಗೊಂಡ ಕೋರ್ಟೇ ಡಿಸ್ನಿಲ್ಯಾಂಡಿನ ದುಡ್ಡು ಕೊಡಿಸ್ತು" ಎಂದರು. ಪ್ರಗತಿ ಮೈದಾನದ ಆ ಪಾರ್ಕು 1984ರಿಂದ 2008ರವರೆಗೆ ಇತ್ತು, ಈಗ ಅಲ್ಲಿ ಸುಪ್ರೀಂ ಕೋರ್ಟಿನ ಹೊಸ ಕಟ್ಟಡ. ಮಗ ಚಿಕ್ಕವನಿದ್ದಾಗ ಅಲ್ಲಿಯ ದೊಡ್ಡ ತೊಟ್ಟಿಲಿನಿಂದ ಇಳಿಯಲೊಲ್ಲೆ ಎಂದು ಅತ್ತನಂತೆ. ಇದಕ್ಕಿಂತ ದೊಡ್ಡದಕ್ಕೆ ಕರ್ಕೊಂಡು ಹೋಗ್ತೀನಿ ಎಂದು ರಾಯರು ಮಾತು ಕೊಟ್ಟಿದ್ದರು. ಆ ಹುಡುಗ ಈಗ ಗಡ್ಡ ಬಿಟ್ಟಿದ್ದಾನೆ, ಬಿಡದಿಯ ವಂಡರ್‌ಲಾಗೆ ಆಫೀಸಿನವರ ಜೊತೆ ಹೋಗಿಬಂದಿದ್ದಾನೆ. ರಾಯರ ಪ್ಲಾನಿನಲ್ಲಿ ಅವನಿಗೆ ಇನ್ನೂ ಎಂಟು ವರ್ಷ.

ಅದೇ ಅಕ್ಟೋಬರ್ 12ರಂದು ನಿರ್ಮಲಾ ಸೀತಾರಾಮನ್ ಎಲ್‌ಟಿಸಿ ವೋಚರ್ ಪ್ರಕಟಿಸಿದರು. ಊರಿಗೆ ಹೋಗುವುದು ಬೇಡ, ಪ್ರಯಾಣ ದರದ ಮೂರು ಪಟ್ಟನ್ನು ಶೇಕಡಾ 12ಕ್ಕೆ ಕಡಿಮೆಯಿಲ್ಲದ ಜಿಎಸ್‌ಟಿ ಇರುವ ಸಾಮಾನಿಗೆ ಖರ್ಚು ಮಾಡಿದರೆ ಸಾಕು. ಹೀಗೆ ರಾಯರ ಆ ವರ್ಷದ ಪ್ರವಾಸ ಗಾಜಿನ ಬಾಗಿಲ ವಾಷಿಂಗ್ ಮಷೀನಾಗಿ ಮನೆ ಸೇರಿತು. ಅದು ಕೊನೆಯ ಸುತ್ತು ತಿರುಗುವಾಗ ನಮ್ಮ ಮನೆಯ ಫ್ಯಾನೂ ಅದುರುತ್ತದೆ. ಮದುವೆಯಾದ ಮೇಲೆ ಇವರು ಮಾಡಿದ ಒಳ್ಳೇ ಟೂರು ಇದೊಂದೇ ಎಂದು ಅಕ್ಕ ಊರಿಗೆಲ್ಲ ಫೋನು ಮಾಡಿ ಹೇಳಿದರು.

2021ರ ಏಪ್ರಿಲ್ ಬಗ್ಗೆ ತಮಾಷೆ ಬರೆಯಲು ನನಗೆ ಕೈ ಬರುವುದಿಲ್ಲ. ರಾಯರ ಎಕ್ಸೆಲ್ ಹಾಳೆಯಲ್ಲಿ ಪಿಎನ್‌ಆರ್ ಇದ್ದ ಕಾಲಮ್ಮಿನಲ್ಲಿ ಆಸ್ಪತ್ರೆಗಳ ಹೆಸರು ಬಂತು. ಸೀಟ್ ನಂಬರಿನ ಜಾಗದಲ್ಲಿ ಆಕ್ಸಿಜನ್ ಇದೆ, ಇಲ್ಲ, ಫೋನು ಎತ್ತುತ್ತಿಲ್ಲ. ಬ್ಲಾಕಿನ ಪಂಜಾಬಿಗಳೂ ತಮಿಳರೂ ಆ ಹಾಳೆಗಾಗಿ ಕಾಯುತ್ತಿದ್ದರು. ಬೆಳಿಗ್ಗೆ ಆರಕ್ಕೆ "ಎದ್ರಾ ಸ್ವಾಮಿ?" ಎಂದಾಗ, ಎದ್ದಿದ್ದೇನೆ ಎಂದು ಹೇಳುವುದೇ ಒಂದು ಸಮಾಧಾನವಾಗಿತ್ತು. ಕೆಲವು ಮನೆಗಳಲ್ಲಿ ಫೋನು ಎತ್ತಿದವರು ಬೇರೆ ಯಾರೋ ಆಗಿದ್ದರು. ಆ ಸಾಲುಗಳನ್ನು ರಾಯರು ಅಳಿಸಲಿಲ್ಲ.

2022ರ ಮಾರ್ಚ್ 27ಕ್ಕೆ ವಿದೇಶದ ವಿಮಾನಗಳು ಮಾಮೂಲಿನಂತೆ ಶುರುವಾದವು. ಹಾಂಗ್‌ಕಾಂಗಿನಲ್ಲಿ ಆಗಲೂ ಡಿಸ್ನಿಲ್ಯಾಂಡು ಮುಚ್ಚಿತ್ತು, ಇಳಿದವರಿಗೆ ಹೋಟೆಲಿನಲ್ಲಿ ಕ್ವಾರಂಟೈನ್ ಇತ್ತು. ಸಂಜೆ ರಾಯರು ಫೋಲ್ಡರು ಹಿಡಿದು ಇಳಿದುಬಂದರು. ಪಾಸ್‌ಪೋರ್ಟ್ ಕೇಳಿದರು. ಕೊಟ್ಟೆ. ಕನ್ನಡಕ ಹಣೆಗೇರಿಸಿ ತಾರೀಖು ನೋಡಿ, "ಏನ್ ಸ್ವಾಮಿ ನೀವು, ಇನ್ನು ಆರು ತಿಂಗಳಿಗೆ ಮುಗಿಯತ್ತೆ. ನಾಳೆ ರಿನ್ಯೂಯಲ್‌ಗೆ ಹಾಕಿಸ್ತೀನಿ, ಫೋಟೋ ತೆಗೆಸ್ಕೊಂಡು ಬನ್ನಿ" ಎಂದರು. ಶರಟು ಬದಲಿಸಲು ನಾನು ಒಳಗೆ ಹೋದೆ.