ಶುದ್ಧಾಹಾರಿಯಾಗುವ ಬಗೆ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: ಸ್ಮಾರ್ಟ್‌ಫೋನ್, ಚಾರ್ಜರ್, ಅಡುಗೆಮನೆಯ ತಕ್ಕಡಿ, ಐದು ಬಗೆಯ ಸಿರಿಧಾನ್ಯ. ಹಸಿವು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

1. ಕಣ್ಣು ಬಿಟ್ಟ ಕೂಡಲೇ ಹಾಸಿಗೆಯಲ್ಲೇ ರೀಲ್ಸ್ ನೋಡಿ. ಒಂದು ರೀಲ್ ಅನ್ನ ವಿಷ ಎನ್ನುತ್ತದೆ, ಇನ್ನೊಂದು ಗೋಧಿ, ಮತ್ತೊಂದು ಹಾಲು. ಕೊನೆಗೆ ಒಬ್ಬರು ಡಿಸ್ಕೌಂಟ್ ಕೋಡ್ ಸಮೇತ ಪ್ರೋಟೀನ್ ಪುಡಿ ಮಾರುತ್ತಾರೆ. ಅವರನ್ನು ಮಾತ್ರ ನಂಬಿ. ನೀವು ಪೂರ್ತಿ ನೋಡಿದ್ದನ್ನೇ ಆಲ್ಗಾರಿದಮ್ ಮತ್ತೆ ಮತ್ತೆ ತಂದು ಸುರಿಯುತ್ತದೆ. 'ಎಲ್ಲರೂ ಇದನ್ನೇ ಹೇಳುತ್ತಿದ್ದಾರೆ' ಎಂದು ತಿಳಿಯಿರಿ.

2. ಮೊದಲು ಸಕ್ಕರೆ ಬಿಡಿ, ಆಮೇಲೆ ಮೈದಾ, ಆಮೇಲೆ ಅಕ್ಕಿ. ಅಮ್ಮ ಅನ್ನ–ತಿಳಿಸಾರು ತಂದರೆ ತಟ್ಟೆಗೆ ಅಂಗೈ ಅಡ್ಡ ಹಿಡಿಯಿರಿ. 'ಇದೇ ಅನ್ನ ತಿಂದು ಇಷ್ಟೆತ್ತರ ಆಗಿದ್ದು ಕಣೋ' ಎಂದರೆ ವಾದಕ್ಕಿಳಿಯಬೇಡಿ, ಲಿಂಕ್ ಕಳಿಸಿ.

3. ನವಣೆ ಉಪ್ಪಿಟ್ಟು ಬೆಂದಿತೇ? ತಿನ್ನಬೇಡಿ. ಕಿಟಕಿಯ ಬೆಳಕಿಗೆ ಒಯ್ದು, ಕರಿಬೇವಿನ ಎಸಳನ್ನು ಚೂರು ಎಡಕ್ಕೆ ಸರಿಸಿ ಫೋಟೊ ತೆಗೆಯಿರಿ. ಉಪ್ಪಿಟ್ಟು ಆರಿ ಗಟ್ಟಿಯಾಗಿ ಚಮಚ ಅದರಲ್ಲಿ ನೆಟ್ಟಗೆ ನಿಂತ ಮೇಲೆ ತಿನ್ನಬಹುದು, ತುತ್ತಿಗೊಮ್ಮೆ ಲೈಕ್ ಎಣಿಸುತ್ತ.

4. ಮದುವೆ ಊಟದಲ್ಲಿ ಎಲೆಗೆ ಹೋಳಿಗೆ ಬಿದ್ದರೆ, ತುಪ್ಪ ಬಡಿಸುವವರನ್ನು ತಡೆದು 'ಇದು ಎ2 ತುಪ್ಪವೇ?' ಎಂದು ಕೇಳಿ. ಅವರ ಬೆನ್ನಿಗೆ ಅನ್ನದ ಬುಟ್ಟಿ, ಸಾರಿನ ಬಕೆಟ್ಟು ಬಂದು ನಿಂತರೂ ಬಿಡಬೇಡಿ. ಮುಂದಿನ ಹಂತ: ಮದುವೆಗೇ ಹೋಗಬೇಡಿ.

ತೊಂದರೆ ಮತ್ತು ಪರಿಹಾರ

ತಲೆಸುತ್ತು, ಕೂದಲು ಉದುರುವುದು: ಡೀಟಾಕ್ಸ್ ಎನ್ನಿ.

ಗೆಳೆಯರು ಊಟಕ್ಕೆ ಕರೆಯುತ್ತಿಲ್ಲ: ಫಾಲೋವರ್ಸ್ ನೋಡಿಕೊಳ್ಳಿ.

ಶುದ್ಧಾಹಾರದ ಈ ಗೀಳೂ ಒಂದು ಕಾಯಿಲೆಯಂತೆ: 1997ರಲ್ಲಿ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್ಮನ್ ಇದಕ್ಕೆ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ಒಂದು ಕಾಲಕ್ಕೆ ಅವರೂ ಕಿತ್ತು 15 ನಿಮಿಷ ಮೀರಿದ ತರಕಾರಿ ಮುಟ್ಟುತ್ತಿರಲಿಲ್ಲ, ತುತ್ತನ್ನು 50 ಸಲ ಅಗಿಯುತ್ತಿದ್ದರು. ಪಾಪ, ಆಗ ಇನ್‌ಸ್ಟಾಗ್ರಾಂ ಇರಲಿಲ್ಲ, ನೋಡುವವರಿಲ್ಲದೆ ಅಗಿದರು. ಇನ್‌ಸ್ಟಾಗ್ರಾಂ ಬಳಕೆ ಹೆಚ್ಚಿದ್ದವರಲ್ಲಿ ಇದರ ಲಕ್ಷಣಗಳೂ ಹೆಚ್ಚು ಎಂದು 2017ರಲ್ಲಿ ಪ್ರಕಟವಾದ ಲಂಡನ್ ಸಂಶೋಧಕರ ಅಧ್ಯಯನ ಹೇಳಿತು. ಅದನ್ನೂ ಸ್ಟೋರಿಗೆ ಹಾಕಿ, ಚೆನ್ನಾಗಿ ಓಡುತ್ತದೆ.

ಗ್ಯಾರಂಟಿ: ಇಲ್ಲ. ಬಿಟ್ಟುಬಿಡಬೇಕೆನಿಸಿದರೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ನಾಲ್ಕು ಜನರ ಜತೆ ಕೂತು, ಬಡಿಸಿದ್ದನ್ನು ಉಂಡು ನೋಡಿ. ತುತ್ತು ಇಳಿಯದೆ ಎದೆ ಡವಗುಟ್ಟಿದರೆ ಮನೋವೈದ್ಯರನ್ನು ಕಾಣಿ. ಅವರನ್ನು ಗುರುತಿಸುವುದು ಸುಲಭ: ಅವರ ಹತ್ತಿರ ಡಿಸ್ಕೌಂಟ್ ಕೋಡ್ ಇರುವುದಿಲ್ಲ.