ಕ್ಷಮಾದಾನ ಕುರಿತು ಬನ್ನೂರು ಕುರಿ

ಕ್ಷಮಾದಾನ ಎಂದರೆ ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೆ, 161ನೇ ವಿಧಿ ರಾಜ್ಯಪಾಲರಿಗೆ ಕೊಟ್ಟಿರುವ ಅಧಿಕಾರ. ಇಬ್ಬರೂ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕೆಂದು 1980ರ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ರಾಜ್ಯದ ಮಟ್ಟಿಗೆ ಸಹಿ ರಾಜಭವನದ್ದು, ಮನಸ್ಸು ವಿಧಾನಸೌಧದ್ದು.

ಈ ಮನಸ್ಸಿನ ಬಗ್ಗೆ ಮಾತಾಡಲು ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕುರಿಗಿಂತ ಯೋಗ್ಯರಿಲ್ಲ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಮಾಂಸದ ರುಚಿಗೆ ಹೆಸರಾದ ತಳಿಯಾದ್ದರಿಂದ ಹುಟ್ಟುವಾಗಲೇ ಮರಣದಂಡನೆ ಖಾಯಂ. ಅಪರಾಧವೇನೆಂದು ಇನ್ನೂ ಗೊತ್ತಾಗಿಲ್ಲ. ಸಂದರ್ಶನ ನಡೆದದ್ದು ಸಂತೆಯಲ್ಲಿ. ದಲ್ಲಾಳಿಯೊಬ್ಬ ಕುರಿಯ ಬೆನ್ನಿಗೆ ಹೆಬ್ಬೆರಳು ಒತ್ತಿ ಕೊಬ್ಬು ನೋಡಿದ. ಆಮೇಲೆ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರತೊಡಗಿತು.

ಕ್ಷಮಾದಾನದ ಬಗ್ಗೆ ಶಾಸಕರ ನಿಲುವೇನು ಎಂಬುದು ಮೊದಲ ಪ್ರಶ್ನೆ.

“ಎರಡು ನಿಲುವು ಸ್ವಾಮಿ. ನೇಣಿಗೆ ಹಾಕಿ ಅನ್ನೋದೊಂದು, ಬಿಟ್ಟುಬಿಡಿ ಅನ್ನೋದೊಂದು. ಎರಡನ್ನೂ ಒಬ್ಬರೇ ಹೇಳ್ತಾರೆ. ಒಳಗಿರೋನು ಯಾರ ಕಡೆಯೋನು ಅಂತ ವಿಚಾರಿಸ್ಕೊಂಡು ಹೇಳ್ತಾರೆ, ಅಷ್ಟೆ.”

ಇದು ಕುರಿಯ ಕುಹಕವಲ್ಲ, ದಾಖಲೆಯೂ ಇದೆ. ಆಂಧ್ರಪ್ರದೇಶದಲ್ಲಿ ಹತ್ತು ವರ್ಷ ಶಿಕ್ಷೆಯಾಗಿದ್ದ ಕೈದಿಯೊಬ್ಬರಿಗೆ ರಾಜ್ಯಪಾಲರಿಂದ ಮಾಫಿ ಸಿಕ್ಕಿತು. ಅವರ ಪತ್ನಿ ಶಾಸಕಿ. ಕಡತದ ವರದಿಯಲ್ಲಿ ಕೈದಿಯನ್ನು ಒಳ್ಳೆಯ ಕಾಂಗ್ರೆಸ್ ಕಾರ್ಯಕರ್ತ ಎಂದು ಹೊಗಳಲಾಗಿತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ಮಾಫಿಯನ್ನು ರದ್ದು ಮಾಡಿತು. ಪಕ್ಷ ಬದಲಾದರೂ ರೂಢಿ ಬದಲಾಗಲಿಲ್ಲ. 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ 2002ರ ಗಲಭೆಯ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆ ಪ್ರಕರಣದ 11 ಅಪರಾಧಿಗಳನ್ನು ಅವಧಿಗೆ ಮುನ್ನ ಬಿಟ್ಟಿತು. ಬಿಡುಗಡೆಗೆ ಶಿಫಾರಸು ಮಾಡಿದ ಸಮಿತಿಯಲ್ಲಿದ್ದ ಗೋಧ್ರಾ ಶಾಸಕರು, ಆ ಅಪರಾಧಿಗಳು ಬ್ರಾಹ್ಮಣರು, ಒಳ್ಳೆಯ ಸಂಸ್ಕಾರದವರು ಎಂದರು. 2024ರ ಜನವರಿಯಲ್ಲಿ ಆ ಬಿಡುಗಡೆಯೂ ರದ್ದಾಯಿತು. ಅದು 161ನೇ ವಿಧಿಯ ದಾರಿಯಲ್ಲ, ಶಿಕ್ಷೆ ಕಡಿತದ ಕಾನೂನಿನ ದಾರಿ. ದಾರಿ ಬೇರೆಯಾದರೂ ಶಿಫಾರಸಿನ ಧಾಟಿ ಅದೇ.

“ನಮ್ಮಲ್ಲಿ ಜಾತಿ ಕೇಳೋದು ರೇಟು ಏರ್ಸೋಕೆ. ಬನ್ನೂರು ತಳಿ ಅಂದ್ರೆ ಸಾಯೋದೂ ಬೇಗ. ಅವರಲ್ಲಿ ಉಲ್ಟಾ ನೋಡಿ” ಎಂದು ಕುರಿ ಸೊಪ್ಪು ಮೆಲುಕು ಹಾಕಿತು.

ಶಾಸನಸಭೆಗಳು ಒಟ್ಟಾಗಿ ದಯೆ ತೋರಿದ್ದೂ ಉಂಟು. ರಾಜೀವ್ ಗಾಂಧಿ ಹಂತಕರ ಮರಣದಂಡನೆ ತಗ್ಗಿಸುವಂತೆ ತಮಿಳುನಾಡು ವಿಧಾನಸಭೆ 2011ರ ಆಗಸ್ಟ್‌ನಲ್ಲಿ ನಿರ್ಣಯ ಮಾಡಿತು. 2018ರಲ್ಲಿ ಸಂಪುಟ ಬಿಡುಗಡೆಗೇ ಶಿಫಾರಸು ಮಾಡಿದರೆ ರಾಜಭವನ ಕಡತದ ಮೇಲೆ ಕುಳಿತಿತು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟೇ ಬಿಡುಗಡೆ ಮಾಡಿತು.

ಮೈಸೂರು ಸೀಮೆಯ ನಿದರ್ಶನ ಕೇಳಿದಾಗ ಕುರಿ ಪಾಲಾರ್ ಹೆಸರು ಎತ್ತಿತು. ಮಲೆ ಮಹದೇಶ್ವರ ಬೆಟ್ಟದ ಸಮೀಪ 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಜೀವಾವಧಿ ವಿಧಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ರಾಷ್ಟ್ರಪತಿಗೆ ಹೋದ ಕ್ಷಮಾದಾನ ಅರ್ಜಿ ತಿರಸ್ಕಾರವಾದದ್ದು 2013ರ ಫೆಬ್ರವರಿಯಲ್ಲಿ. ಇಷ್ಟು ತಡ ಮಾಡಿ ನೇಣಿಗೆ ಹಾಕುವುದು ಸಲ್ಲದೆಂದು 2014ರ ಜನವರಿ 21ರಂದು ಅದೇ ಕೋರ್ಟ್ ಈ ನಾಲ್ವರೂ ಸೇರಿ 15 ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

“ಒಂಬತ್ತು ವರ್ಷ ಯಾರೂ ಕಡತ ಬಿಚ್ಚಲಿಲ್ಲ. ಬಿಚ್ಚದೇ ಇದ್ದದ್ದೇ ದಯೆ ಆಗೋಯ್ತು” ಎಂಬುದು ಕುರಿಯ ವ್ಯಾಖ್ಯಾನ. ಸತ್ತ 22 ಮಂದಿಯ ಮನೆಯವರು ಏನನ್ನುತ್ತಾರೆ ಎಂದಾಗ ಅದು ಮಾತಾಡಲಿಲ್ಲ.

ಬೇರೆ ದನಿಯ ಶಾಸನಕರ್ತರು ಇರಲೇ ಇಲ್ಲವೆ? ಇದ್ದರು. 1949ರ ಜೂನ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ಮರಣದಂಡನೆಯನ್ನೇ ರದ್ದು ಮಾಡುವುದು ತಮಗೆ ಹೆಚ್ಚು ಒಪ್ಪಿಗೆ ಎಂದಿದ್ದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಂ ಪ್ರಕಾರ ಮರಣದಂಡನೆಯ ಕೈದಿ 30 ದಿನದೊಳಗೆ ಅರ್ಜಿ ಹಾಕಬೇಕು, ಕೇಂದ್ರ ಸರ್ಕಾರ 60 ದಿನದೊಳಗೆ ಶಿಫಾರಸು ಕಳಿಸಬೇಕು. ರಾಷ್ಟ್ರಪತಿಯ ತೀರ್ಮಾನಕ್ಕೆ ಮಾತ್ರ ಗಡುವಿಲ್ಲ. ಅರ್ಜಿ ಹಾಕುವ ವಿಚಾರವಿದೆಯೇ ಎಂದು ಕುರಿಯನ್ನು ಕೇಳಲಾಯಿತು.

“30 ದಿನ ಯಾರಿಗೆ ಬೇಕು ಸ್ವಾಮಿ? ಮೊದಲು ಈ ಭಾನುವಾರ ದಾಟಿಸಿ.”