ಗೇರ್‌ಬಾಕ್ಸ್ ಬಿಚ್ಚುವ ಮುಂಚೆ: ಡಿಪ್‌ಸ್ಟಿಕ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಆಟೋಮ್ಯಾಟಿಕ್ ಕಾರು ಡ್ರೈವ್‌ಗೆ ಹಾಕಿದರೆ ತಡವಾಗಿ ಎಳೆಯುತ್ತದೆ, ಗೇರ್ ಬದಲಾಗುವಾಗ ಒದೆಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತದೆಯೇ ಹೊರತು ಗಾಡಿ ಮುಂದಕ್ಕೆ ಹೋಗುವುದಿಲ್ಲ. ಇಷ್ಟು ಕೇಳಿದ್ದೇ ತಡ, ಗ್ಯಾರೇಜಿನಲ್ಲಿ ತೀರ್ಪು ಬಂದುಬಿಡುತ್ತದೆ: ‘ಗೇರ್‌ಬಾಕ್ಸ್ ಹೋಗಿದೆ ಸಾರ್.’ ಮಾಲೀಕ, ಮಾಲೀಕನ ಭಾವಮೈದುನ, ಪಕ್ಕದ ಟೈರ್ ಅಂಗಡಿಯವನು, ಎಲ್ಲರ ಅಭಿಪ್ರಾಯವೂ ದಾಖಲಾಗುತ್ತದೆ. ಆಯಿಲ್‌ನಲ್ಲೇ ಕಾಲಿಟ್ಟುಕೊಂಡು ಎಲ್ಲವನ್ನೂ ಕಂಡ ಒಬ್ಬರನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೋಸ್‌ಪೈಪುಗಳ ಸಂದಿಯಲ್ಲಿ ಜಿಡ್ಡು ಹಿಡಿದು ನಿಂತಿದ್ದ ಆ ಟ್ರಾನ್ಸ್‌ಮಿಷನ್ ಡಿಪ್‌ಸ್ಟಿಕ್ ಅವರನ್ನು ಹೊರಗೆಳೆದು ಮಾತಾಡಿಸಲಾಯಿತು.

ಬಿಚ್ಚುವುದಕ್ಕೆ ನಿಮ್ಮ ತಕರಾರೇನು?

ಬಿಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ. ಬಿಚ್ಚಿದ ಮೇಲೆ ಕೇಳಲಾಗದ ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಿ ಎನ್ನುತ್ತಿದ್ದೇನೆ. ಒಮ್ಮೆ ಆಯಿಲ್ ಬಕೆಟ್ಟಿಗೆ ಸುರಿದರೆ ಅದು ಎಷ್ಟಿತ್ತು ಎಂಬುದು ಮತ್ತೆ ಗೊತ್ತಾಗುವುದಿಲ್ಲ. ಬ್ಯಾಟರಿ ಟರ್ಮಿನಲ್ ಕಿತ್ತರೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷದ ಕೋಡುಗಳೂ ಹಾರಿಹೋಗುತ್ತವೆ. ಅಂದರೆ ರಿಪೇರಿಯ ಮೊದಲ ಸ್ಪ್ಯಾನರೇ ಸಾಕ್ಷ್ಯನಾಶದ ಮೊದಲ ಸ್ಪ್ಯಾನರ್. ಆಯಿಲ್ ಕಡಿಮೆಯಿದ್ದರೆ ಪಂಪು ಅದರ ಜೊತೆ ಗಾಳಿಯನ್ನೂ ಎಳೆಯುತ್ತದೆ. ನೊರೆ ಒತ್ತಿದರೆ ಕುಗ್ಗುತ್ತದೆ, ಕ್ಲಚ್ ಪ್ಲೇಟುಗಳನ್ನು ಹಿಡಿದಿಡುವ ಒತ್ತಡ ಹುಟ್ಟುವುದಿಲ್ಲ, ಗೇರ್ ಜಾರುತ್ತದೆ. ‘ಇರಲಿ ಬಿಡಿ’ ಎಂದು ಯಾರೋ ಪುಣ್ಯಾತ್ಮರು ಲೀಟರ್‌ಗಟ್ಟಲೆ ಹೆಚ್ಚಿಗೆ ಸುರಿದಿದ್ದರೆ ತಿರುಗುವ ಭಾಗಗಳು ಅದನ್ನು ಕಡೆದು ಅದೇ ನೊರೆ ಎಬ್ಬಿಸುತ್ತವೆ, ಅದೇ ಜಾರಾಟ. ಎರಡಕ್ಕೂ ಮದ್ದು ಬೇರೆ, ಮತ್ತು ಎರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಎದುರು ನನ್ನ ಮೈಮೇಲಿನ ಎರಡು ಗೀರಿಗೆ ಏನು ಬೆಲೆ, ಹೇಳಿ.

ಬೆಳಗ್ಗೆಯೇ ಎಳೆದು ನೋಡಿದ್ದಾರಂತೆ, ಎಲ್ಲ ಸರಿಯಾಗಿತ್ತಂತೆ!

ಬೆಳಗ್ಗೆ, ತಣ್ಣಗಿನ ಗಾಡಿಯಲ್ಲಿ, ಇಳಿಜಾರಿನ ಡ್ರೈವ್‌ವೇಯಲ್ಲಿ, ಎಂಜಿನ್ ಆಫ್ ಮಾಡಿ. ಅದು ನೋಡಿದ ಹಾಗೆ ಅಲ್ಲ, ಮುಖ ತೋರಿಸಿ ಹೋದ ಹಾಗೆ. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ. ಅದಕ್ಕೇ ಎಷ್ಟೋ ಕಡ್ಡಿಗಳಲ್ಲಿ ಬಿಸಿಗೊಂದು ತಣ್ಣಗಿದ್ದಾಗೊಂದು ಗುರುತು. ಸಾಮಾನ್ಯ ಕ್ರಮ ಇಷ್ಟು: ಒಂದಷ್ಟು ದೂರ ಓಡಿಸಿ, ಸಮತಟ್ಟಾದ ಜಾಗದಲ್ಲಿ ಬ್ರೇಕ್ ಒತ್ತಿಕೊಂಡು ಲಿವರನ್ನು ಪ್ರತಿ ಸ್ಥಾನದಲ್ಲೂ ಕೊಂಚ ನಿಲ್ಲಿಸಿ ಪಾರ್ಕ್‌ಗೆ ತನ್ನಿ, ಎಂಜಿನ್ ಓಡುತ್ತಿರುವಾಗಲೇ ನನ್ನನ್ನು ಎಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ, ಮತ್ತೆ ಎಳೆದು ಓದಿ. ಆದರೆ ಹೋಂಡಾದ ಎಷ್ಟೋ ಹಳೆಯ ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿ ಒಂದೂವರೆ ನಿಮಿಷದೊಳಗೆ ನೋಡಬೇಕು, ಇನ್ನು ಕೆಲವಕ್ಕೆ ನ್ಯೂಟ್ರಲ್ಲೇ ಆಗಬೇಕು. ಆದ್ದರಿಂದ ಗ್ಲೋವ್‌ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಮಲಗಿಸಿರುವ ಮ್ಯಾನ್ಯುವಲ್ ಅನ್ನು ಎಬ್ಬಿಸಿ. ಒರೆಸುವ ಬಟ್ಟೆಗೆ ನೂಲೆಳೆ ಬಿಡುವ ಚಾಳಿ ಇರಬಾರದು, ಒಂದೆಳೆ ಕವಾಟಕ್ಕೆ ಸಿಕ್ಕಿದರೆ ಹೊಸ ಕಾಯಿಲೆ. ಗೀರು ನೋಡಿದ ಮೇಲೆ ಬಣ್ಣ ನೋಡಿ, ಮೂಸಿ. ಸಾಮಾನ್ಯವಾಗಿ ಹೊಸ ಆಯಿಲ್ ಕೆಂಪು, ಪಾರದರ್ಶಕ. ಕಂದಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಬೆಂದಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣ ಬಂದರೆ ಒಳಗೆ ನೀರು ಸೇರಿದೆ: ಒಂದೋ ರೇಡಿಯೇಟರಿನೊಳಗಿನ ಕೂಲರ್ ಒಡೆದಿದೆ, ಇಲ್ಲವೇ ಮಳೆಗಾಲದಲ್ಲಿ ಗಾಡಿ ಅಂಡರ್‌ಪಾಸಿನಲ್ಲಿ ಈಜಿದೆ. ಕ್ಲಚ್ ಪ್ಲೇಟಿಗೆ ಅಂಟಿಸಿರುವುದು ಕಾಗದದಂಥ ಪದರ. ನೀರು ಆ ಅಂಟನ್ನೇ ಬಿಡಿಸುತ್ತದೆ.

ಈಗ ಸ್ಕ್ಯಾನರ್ ಇದೆಯಲ್ಲ, ನಿಮ್ಮಂಥ ಕಡ್ಡಿಯ ಮಾತು ಯಾಕೆ?

ಸ್ಕ್ಯಾನರ್ ಹಾಕಲೇಬೇಕು, ಅದೂ ಬ್ಯಾಟರಿ ಕೀಳುವ ಮುಂಚೆ. ಆದರೆ ಅದು ಹೇಳಿದ್ದೆಷ್ಟು? ಪಿ0700 ಎಂದರೆ ‘ಗೇರ್‌ಬಾಕ್ಸಿನ ಕಂಪ್ಯೂಟರ್‌ಗೆ ಏನೋ ತಕರಾರಿದೆ, ಅಲ್ಲಿ ಕೇಳಿ’ ಎಂದಷ್ಟೇ. ಸರ್ಕಾರಿ ಕಚೇರಿಯ ಮೊದಲ ಕೌಂಟರಿನ ಉತ್ತರ. ಪಿ0730 ಗೇರ್ ಅನುಪಾತ ತಪ್ಪಿದೆ ಎನ್ನುತ್ತದೆ. ಆಯಿಲ್ ಇಳಿದು ಜಾರಿದರೂ ತಪ್ಪುತ್ತದೆ, ಪ್ಲೇಟು ಸವೆದು ಜಾರಿದರೂ ತಪ್ಪುತ್ತದೆ. ಇನ್ನೊಂದು ಮಾತು. ಓಲ್ಡ್ಸ್‌ಮೊಬೈಲ್‌ನ 1940ರ ಮಾಡೆಲ್ಲಿನಲ್ಲಿ ಹೈಡ್ರಾಮ್ಯಾಟಿಕ್ ಬಂದಾಗಿನಿಂದಲೂ ಗೇರ್‌ಬಾಕ್ಸ್ ಹೊರಗಿನ ವರದಿ ನಂಬಿಯೇ ಗೇರ್ ಬದಲಿಸುತ್ತಿದೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ದಾರೆ ಎಂದು ಆಗ ಸರಳು ಹೇಳುತ್ತಿತ್ತು, ಆಮೇಲೆ ಕೇಬಲ್ಲು, ವ್ಯಾಕ್ಯೂಮ್ ಹೋಸು, ಈಗ ಸೆನ್ಸರು. ವರದಿಗಾರನೇ ಸುಳ್ಳು ಹೇಳಿದರೆ ಗೇರ್ ತಡವಾಗಿ, ಒರಟಾಗಿ ಬೀಳುತ್ತದೆ. ಪ್ಲಗ್ ಸರಿಯಾಗಿ ಉರಿಯದ ಎಂಜಿನ್ನಿನ ನಡುಕ ಗೇರ್‌ಬಾಕ್ಸಿನ ನಡುಕದಂತೆಯೇ ಕಾಣುತ್ತದೆ. ಐಡಲ್ ಹೆಚ್ಚಿದ್ದರೆ ಡ್ರೈವ್‌ಗೆ ಹಾಕಿದ ಕೂಡಲೇ ಒದೆ. ಬ್ಯಾಟರಿ ಬಡವಾದರೂ ಗಾಡಿ ಒಂದೇ ಗೇರಿನಲ್ಲಿ ಮುಷ್ಕರ ಹೂಡಬಹುದು. ಇವೆಲ್ಲ ಹೊರಗಿನ ಅಪರಾಧಿಗಳು, ಜೈಲಿಗೆ ಹೋಗುವುದು ಮಾತ್ರ ಒಳಗಿನವನು.

ಬರೀ ನೋಡಿದ್ದಕ್ಕೆ ಗಿರಾಕಿ ದುಡ್ಡು ಕೊಡುತ್ತಾನೆಯೇ?

ಇದು ನ್ಯಾಯವಾದ ಪ್ರಶ್ನೆ, ತಪ್ಪು ಗ್ಯಾರೇಜಿನದಷ್ಟೇ ಅಲ್ಲ. ಬಿಡಿಭಾಗ ಕಣ್ಣಿಗೆ ಕಾಣುತ್ತದೆ, ತಪಾಸಣೆ ಕಾಣುವುದಿಲ್ಲ. ಅರ್ಧ ಗಂಟೆ ಪರೀಕ್ಷಿಸಿ ‘ಕೇಬಲ್ ಸಡಿಲವಾಗಿತ್ತು’ ಎಂದು ಬಿಲ್ ಕೊಟ್ಟರೆ ಚೌಕಾಸಿ ಮಾಡುವ ಮಾಲೀಕನೇ ಗೇರ್‌ಬಾಕ್ಸ್ ಓವರ್‌ಹಾಲ್ ಬಿಲ್ಲಿಗೆ ಇಎಂಐ ಕೇಳುತ್ತಾನೆ. ತಪಾಸಣೆಗೆ ಬೇರೆಯೇ ಶುಲ್ಕವೆಂದು ಬೋರ್ಡು ಹಾಕುವ ಗ್ಯಾರೇಜಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಹೊಸ ಕಾರುಗಳಲ್ಲಿ ನೀವೇ ಇಲ್ಲವಲ್ಲ?

ನನ್ನನ್ನು ತೆಗೆದರು, ಆಯಿಲನ್ನು ತೆಗೆದಿಲ್ಲ. ಆಯಿಲ್ ‘ಜೀವಮಾನಕ್ಕೆ’ ಸಾಕು ಎನ್ನುತ್ತಾರೆ, ಯಾರ ಜೀವಮಾನ ಎನ್ನುವುದಿಲ್ಲ. ಈಗ ಗಾಡಿಯನ್ನು ಲಿಫ್ಟಿನ ಮೇಲೆ ಸಮಕ್ಕೆ ಎತ್ತಿ, ಆಯಿಲ್ ಮ್ಯಾನ್ಯುವಲ್‌ನಲ್ಲಿ ಹೇಳಿದ ಉಷ್ಣತೆಗೆ, ಎಷ್ಟೋ ಗಾಡಿಗಳಲ್ಲಿ 40 ಡಿಗ್ರಿ ಆಸುಪಾಸಿಗೆ ಬಂದಾಗ ಮಟ್ಟ ನೋಡುವ ಪ್ಲಗ್ ತೆಗೆದು ಸಣ್ಣಗೆ ಹರಿಯುತ್ತದೆಯೇ ನೋಡಬೇಕು. ಅದಕ್ಕೂ ಮುಂಚೆ ಇದು ಯಾವ ಆಟೋಮ್ಯಾಟಿಕ್ ಎಂದು ಕೇಳಿ. ನಮ್ಮಲ್ಲಿ 2014ರಲ್ಲಿ ಸೆಲೆರಿಯೊ ಕಾರಿನ ಜೊತೆ ಬಂದ ಎಎಂಟಿ ಎಂಬ ಬಗೆಯ ಒಳಗಿರುವುದು ಮಾಮೂಲಿ ಕ್ಲಚ್ಚು, ಮಾಮೂಲಿ ಗೇರು. ಗೇರ್ ಬದಲಾಗುವಾಗ ತುಸು ತೂಗುವುದು ಅದರ ಹುಟ್ಟುಗುಣ, ರೋಗವಲ್ಲ. ಸಿವಿಟಿ ಎಂಬ ಇನ್ನೊಂದು ಬಗೆಗೆ ಅದರದ್ದೇ ಆಯಿಲ್; ಕೈಗೆ ಸಿಕ್ಕಿದ ಕೆಂಪು ಡಬ್ಬಿ ಸುರಿದರೆ ಇಲ್ಲದ ರೋಗ ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಗೇರ್‌ಬಾಕ್ಸೇ ಕೆಟ್ಟಿದ್ದರೆ?

ಆಗ ಧಾರಾಳವಾಗಿ ಬಿಚ್ಚಿ, ನಾನೇ ಸಾಕ್ಷಿ ಹೇಳುತ್ತೇನೆ. ಮಟ್ಟ, ಬಣ್ಣ, ಕೋಡು, ಯಾವ ಗೇರಿನಲ್ಲಿ ತೊಂದರೆ, ಎಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಒಳಗೆ ಯಾವ ಕ್ಲಚ್ ಹುಡುಕಬೇಕೆಂಬುದೂ ಗೊತ್ತಿರುತ್ತದೆ. ಹಾಗೆಯೇ ಕೂಲರನ್ನೂ ಅದರ ಪೈಪುಗಳನ್ನೂ ಚೆನ್ನಾಗಿ ತೊಳೆಸಿ. ಹಳೆಯ ಗೇರ್‌ಬಾಕ್ಸಿನ ಲೋಹದ ಪುಡಿ ಅಲ್ಲೇ ಕೂತಿರುತ್ತದೆ, ಎಂಜಿನ್ ಸ್ಟಾರ್ಟ್ ಆದ ಕೂಡಲೇ ಹೊಸದರೊಳಕ್ಕೆ ಹೊರಡುತ್ತದೆ.